ಹಾಜರಿಯ ಲೆಕ್ಕ ಸಿಕ್ಕಿತು, ಕೇಳುವವರು ಸಿಗಲಿಲ್ಲ

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲು ತೆರೆದಿದೆ, ಒಳಗೆ ಡಾಕ್ಟರಿಲ್ಲ. ಕರ್ನಾಟಕದಲ್ಲಿ ಇದು ಯಾರಿಗೂ ಹೊಸ ಸುದ್ದಿಯಲ್ಲ. ‘ಸಾಹೇಬ್ರು ಮೀಟಿಂಗಿಗೆ ಹೋಗಿದಾರೆ’, ‘ಸಿಸ್ಟರ್ ಫೀಲ್ಡಿಗೆ ಹೋಗಿದಾರೆ’ ಎಂಬ ಉತ್ತರಗಳೂ ಹಳೆಯವೇ. ಹಾಜರಿ ಪುಸ್ತಕ ಬಿಡಿಸಿದರೆ ಮಾತ್ರ ಎಲ್ಲರ ಸಹಿಯೂ ಅಚ್ಚುಕಟ್ಟಾಗಿ ಇರುತ್ತದೆ. ಅದೃಷ್ಟವಿದ್ದರೆ ನಾಳೆಯದೂ ಸಿಗಬಹುದು.

ಸಹಿಯನ್ನು ನಂಬುವ ಹಾಗಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿತ್ತು. ಈ ಶತಮಾನದ ಆರಂಭದಲ್ಲಿ ಭಾರತವೂ ಸೇರಿ ಆರು ದೇಶಗಳ ಶಾಲೆ ಮತ್ತು ಆರೋಗ್ಯ ಕೇಂದ್ರಗಳಿಗೆ ಸಂಶೋಧಕರ ತಂಡವೊಂದು ಮುನ್ಸೂಚನೆ ಕೊಡದೆ ಹೋಗಿ ತಲೆ ಎಣಿಸಿತು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ನಮ್ಮ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳ ಶೇ 25ರಷ್ಟು ಶಿಕ್ಷಕರು, ಆರೋಗ್ಯ ಕೇಂದ್ರಗಳ ಶೇ 40ರಷ್ಟು ಸಿಬ್ಬಂದಿ ಆ ಹೊತ್ತಿಗೆ ಕೆಲಸದ ಜಾಗದಲ್ಲಿ ಇರಲಿಲ್ಲ. ಸಂಬಳದ ಬಿಲ್ಲಿನಲ್ಲಿ ಎಲ್ಲರೂ ಇದ್ದರು.

ಇದಾಗಿ ಕೆಲವು ವರ್ಷಗಳಿಗೆ ಕರ್ನಾಟಕದ ಆರೋಗ್ಯ ಇಲಾಖೆ ಒಂದು ಧೈರ್ಯದ ಕೆಲಸಕ್ಕೆ ಕೈ ಹಾಕಿತು. ಹಾಜರಿ ಪುಸ್ತಕದ ಬದಲು ಹೆಬ್ಬೆಟ್ಟು ಓದುವ ಯಂತ್ರ. ಬೆಳಿಗ್ಗೆ ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಒತ್ತಬೇಕು. ಮಾಹಿತಿ ಮೊಬೈಲ್ ಜಾಲದ ಮೂಲಕ ನೇರ ಬೆಂಗಳೂರಿಗೆ ಬರುತ್ತದೆ. ಸರಿಯಾಗಿ ಬಂದವರಿಗೆ ಉತ್ತೇಜನ, ಬಾರದವರಿಗೆ ರಜೆ ಕಡಿತ ಎಂಬುದು ಯೋಜನೆ. ಗಮನಿಸಬೇಕಾದ ಸಂಗತಿಯೆಂದರೆ ಇದು ಹೊರಗಿನಿಂದ ಯಾರೋ ಹೇರಿದ್ದಲ್ಲ, ಸರ್ಕಾರವೇ ಯೋಚಿಸಿ ಶುರು ಮಾಡಿದ್ದು. ಇನ್ನೂ ಅಪರೂಪದ ಸಂಗತಿಯೆಂದರೆ ಎಲ್ಲ ಕಡೆ ಒಂದೇ ದಿನ ಉದ್ಘಾಟನೆ ಮಾಡಿ ಫೋಟೊ ತೆಗೆಸಿಕೊಳ್ಳದೆ, ಇದರಿಂದ ನಿಜಕ್ಕೂ ಪ್ರಯೋಜನ ಇದೆಯೇ ಎಂದು ಮೊದಲು ಪರೀಕ್ಷಿಸಿ ನೋಡಲು ಇಲಾಖೆ ಒಪ್ಪಿದ್ದು. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ 140ಕ್ಕೆ ಯಂತ್ರ ಕೊಡಲಾಯಿತು. ಉಳಿದ 182ರಲ್ಲಿ ಹಳೆಯ ಪುಸ್ತಕವೇ ಮುಂದುವರಿಯಿತು. ಅಧ್ಯಯನ ನಡೆಸಿದವರು ಜೆ-ಪಾಲ್ ಸಂಸ್ಥೆಯ ಇಕ್ಬಾಲ್ ಧಾಲಿವಾಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ರೀಮಾ ಹನ್ನಾ.

ಚೀಟಿ ಏಕೆ? ಯಂತ್ರ ಹಾಕುವುದಕ್ಕಿಂತ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡಿದರೆ ಸಾಲದೇ? ಸಾಲದು. ಆ ನಡುವೆ ಮಳೆ ಚೆನ್ನಾಗಿ ಆಗಿರಬಹುದು, ಹೊಸ ಜಿಲ್ಲಾಧಿಕಾರಿ ಬಂದಿರಬಹುದು, ಚುನಾವಣೆ ಹತ್ತಿರ ಬಂದು ಎಲ್ಲರೂ ಚುರುಕಾಗಿರಬಹುದು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನು ರೂಪಿಸಿದರಲ್ಲ, ಆ ವಿದ್ಯೆಯ ಮೂಲ ನಿಯಮವೇ ಇಲ್ಲಿಯದೂ: ಹೊಸ ಬೀಜವನ್ನು ಹಳೆಯದರ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಅದೇ ಮಳೆಗೆ ಬಿತ್ತಿ ನೋಡಬೇಕು. ಒಳ್ಳೆಯ ನೆಲವನ್ನು ಹೊಸ ಬೀಜಕ್ಕೇ ಕೊಟ್ಟುಬಿಟ್ಟರೆ ಇಳುವರಿ ಬೀಜದ್ದೋ ನೆಲದ್ದೋ ತಿಳಿಯುವುದಿಲ್ಲ. ಇಲಾಖೆಗಳು ಸಾಮಾನ್ಯವಾಗಿ ಮಾಡುವುದು ಅದನ್ನೇ. ಹೊಸ ಯೋಜನೆಯ ‘ಪೈಲಟ್’ ಯಾವಾಗಲೂ ಮಂತ್ರಿಗಳ ಕ್ಷೇತ್ರದಲ್ಲೋ ಚುರುಕಾದ ಅಧಿಕಾರಿ ಇರುವ ತಾಲ್ಲೂಕಿನಲ್ಲೋ ಶುರುವಾಗುತ್ತದೆ, ಯಾವಾಗಲೂ ಗೆಲ್ಲುತ್ತದೆ.

ಫಲಿತಾಂಶ ಬಂತು. ಯಂತ್ರವಿದ್ದ ಕೇಂದ್ರಗಳಲ್ಲಿ ವೈದ್ಯಕೀಯ ಸಿಬ್ಬಂದಿಯ ಹಾಜರಿ ಶೇ 15ರಷ್ಟು ಏರಿತ್ತು. ಏರಿದ್ದು ನರ್ಸ್‌ಗಳದು, ಲ್ಯಾಬ್ ಟೆಕ್ನಿಷಿಯನ್ನರದು, ಫಾರ್ಮಾಸಿಸ್ಟರದು. ಡಾಕ್ಟರುಗಳ ಹಾಜರಿ ಹೆಚ್ಚಲಿಲ್ಲ. ಅವರನ್ನು ಹಿಡಿಯಲು ಯಂತ್ರಕ್ಕೂ ಆಗಲಿಲ್ಲ. ಅಷ್ಟರಿಂದಲೇ ಆದ ಬದಲಾವಣೆ ಮಾತ್ರ ಸಣ್ಣದಲ್ಲ. ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಕದ ಕೂಸು ಹುಟ್ಟುವ ಸಾಧ್ಯತೆ ಶೇ 26ರಷ್ಟು ಇಳಿಯಿತು. ವೈದ್ಯರ ಕೈಯಲ್ಲಿ ಆಗುವ ಹೆರಿಗೆಗಳು ಶೇ 16ರಷ್ಟು ಹೆಚ್ಚಿದವು.

ಎಲ್ಲವೂ ನೆಟ್ಟಗಿರಲಿಲ್ಲ. ಯಂತ್ರ ಬಂದ ಕಡೆ ಬಸುರಿಯರು ಹೆರಿಗೆಗೆ ಅದೇ ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗಿ, ದೊಡ್ಡ ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಹೋಗತೊಡಗಿದರು. ಸಿಬ್ಬಂದಿ ಹಾಜರಿದ್ದುದರಿಂದ ಅಪಾಯದ ಗರ್ಭಿಣಿಯರನ್ನು ಬೇಗ ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸಿರಬಹುದು. ಅಥವಾ, ಹೇಗೂ ದಿನವಿಡೀ ಕೂರಬೇಕಾಯಿತಲ್ಲ ಎಂದು ಕೆಲವರು ರೋಗಿಗಳನ್ನು ತಮ್ಮ ಖಾಸಗಿ ಕ್ಲಿನಿಕ್ಕಿನ ದಾರಿ ಹಿಡಿಸಿರಬಹುದು. ಸಂಶೋಧಕರು ಎರಡನ್ನೂ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಒಳ್ಳೆಯ ಅಧ್ಯಯನದ ಗುರುತೇ ಅದು, ತನಗೆ ಬೇಡವಾದುದನ್ನೂ ಹೇಳುತ್ತದೆ.

ಇಷ್ಟು ಕೈಗೆ ಬಂದ ಮೇಲೆ ಸರ್ಕಾರ ಏನು ಮಾಡಿತು? ಹೆಚ್ಚೇನೂ ಮಾಡಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬ ವಿವರ ಬೆಂಗಳೂರಿನ ಕಂಪ್ಯೂಟರಿನಲ್ಲಿತ್ತು. ಅದನ್ನು ಇಟ್ಟುಕೊಂಡು ರಜೆ ಕಡಿತ ಮಾಡುವವರು ಇರಲಿಲ್ಲ. ರಾಜ್ಯ ಮಟ್ಟದ ಅಧಿಕಾರಿಗಳು, ಕೆಳಗಿನ ಹಂತದವರು, ಚುನಾಯಿತ ಸ್ಥಳೀಯ ಸಂಸ್ಥೆಗಳವರು, ಯಾರಿಗೂ ಆ ಲೆಕ್ಕ ಬೇಕಿರಲಿಲ್ಲ. ಕೈ ಬಿಗಿ ಮಾಡಿದರೆ ಸಿಬ್ಬಂದಿ ಮುನಿಯುತ್ತಾರೆ ಎಂಬ ಅಂಜಿಕೆ. ಹಳ್ಳಿಗೆ ಬರಲು ಡಾಕ್ಟರು ಸಿಗುವುದೇ ಕಷ್ಟ, ಇದ್ದವರೂ ರಾಜೀನಾಮೆ ಎಸೆದು ಹೋದರೆ ಏನು ಗತಿ?

ಈ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಯಂತ್ರವಿದ್ದ ಕೇಂದ್ರಗಳ ನರ್ಸ್‌ಗಳಲ್ಲಿ, ಟೆಕ್ನಿಷಿಯನ್ನರಲ್ಲಿ ಅಸಮಾಧಾನ ಹೆಚ್ಚಿದ್ದು ಅಧ್ಯಯನದಲ್ಲೇ ದಾಖಲಾಗಿದೆ.

ಇಂಥದ್ದೇ ಕಥೆ ಅದಕ್ಕೆ ಮೊದಲೇ ರಾಜಸ್ಥಾನದಲ್ಲಿ ನಡೆದುಹೋಗಿತ್ತು. ಉದಯಪುರ ಜಿಲ್ಲೆಯಲ್ಲಿ ‘ಸೇವಾ ಮಂದಿರ’ ಎಂಬ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆ ಸೇರಿ ಆರೋಗ್ಯ ಉಪಕೇಂದ್ರಗಳ ಎಎನ್‌ಎಂ ನರ್ಸ್‌ಗಳ ಹಾಜರಿಯನ್ನು ಗಡಿಯಾರದ ಮುದ್ರೆಯಿಂದ ದಾಖಲಿಸತೊಡಗಿತು. ಮುಂದೆ 2019ರಲ್ಲಿ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ, ಅವರೊಂದಿಗೆ ರೇಚಲ್ ಗ್ಲೆನರ್‌ಸ್ಟರ್ ಇದನ್ನು ಅಧ್ಯಯನ ಮಾಡಿದರು. ಮೊದಮೊದಲು ಹಾಜರಿ ಚೆನ್ನಾಗಿ ಏರಿತು. ಸುಮಾರು 16 ತಿಂಗಳಾಗುವಷ್ಟರಲ್ಲಿ ಯಂತ್ರವಿದ್ದಲ್ಲಿಗೂ ಇಲ್ಲದಲ್ಲಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಯಂತ್ರ ಕೆಟ್ಟಿದ್ದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು: ಆರೋಗ್ಯಾಧಿಕಾರಿಗಳು ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಮಂಜೂರು ಮಾಡಿದರು. ಮೀಟಿಂಗು, ತರಬೇತಿ, ಸಮೀಕ್ಷೆ ಎಂದು ಬರೆದರೆ ಆಯಿತು, ಗೈರುಹಾಜರಿಯೇ ಕರ್ತವ್ಯವಾಗಿ ಬದಲಾಗುತ್ತಿತ್ತು. ನಮ್ಮ ಕಚೇರಿಗಳ ‘ಓಒಡಿ’ (ಅನ್ಯ ಕರ್ತವ್ಯ) ಗೊತ್ತಿರುವ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಅಂಕಿಅಂಶ ಎಂಬುದೆಲ್ಲ ವ್ಯರ್ಥ ಕಸರತ್ತೇ? ಅವಿಭಜಿತ ಆಂಧ್ರಪ್ರದೇಶದ ಅನುಭವ ಬೇರೆ ಮಾತು ಹೇಳುತ್ತದೆ. ಅಲ್ಲಿ ಹೆಬ್ಬೆಟ್ಟು ಒತ್ತಿದವರು ನೌಕರರಲ್ಲ, ಉದ್ಯೋಗ ಖಾತರಿಯ ಕೂಲಿಕಾರರು ಮತ್ತು ಪಿಂಚಣಿ ಪಡೆಯುವ ಮುದುಕರು, ವಿಧವೆಯರು. ಕೂಲಿ ಹಣವನ್ನು ‘ಸ್ಮಾರ್ಟ್‌ಕಾರ್ಡ್’ ಮೂಲಕ, ಹೆಬ್ಬೆಟ್ಟು ಹೊಂದಿಸಿ ನೋಡಿ, ಊರಿನಲ್ಲೇ ಕೈಗೆ ಕೊಡುವ ವ್ಯವಸ್ಥೆ. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 157 ಮಂಡಲಗಳಲ್ಲಿ, ಸುಮಾರು 1.9 ಕೋಟಿ ಜನರಿದ್ದ ಪ್ರದೇಶದಲ್ಲಿ ಇದನ್ನು ಪರೀಕ್ಷಿಸಿದರು. ಕಾರ್ಡು ಮೊದಲು ಯಾವ ಮಂಡಲಕ್ಕೆ, ಆಮೇಲೆ ಯಾವುದಕ್ಕೆ ಎಂಬುದು ಇಲ್ಲೂ ಚೀಟಿಯಿಂದಲೇ ತೀರ್ಮಾನವಾಯಿತು. ಕೂಲಿ ಬೇಗ ಬಂತು, ಅದನ್ನು ಪಡೆಯಲು ಕಾಯುವ ಹೊತ್ತು ಕಡಿಮೆಯಾಯಿತು, ಉದ್ಯೋಗ ಖಾತರಿ ಹಣದ ಸೋರಿಕೆ ಶೇ 41ರಷ್ಟು ಇಳಿಯಿತು.

ನಿಜವಾದ ಸ್ವಾರಸ್ಯ ಇರುವುದು ಆಮೇಲೆ. 2013ರ ಹೊತ್ತಿಗೆ ಆಂಧ್ರ ಸರ್ಕಾರ ಈ ಕಾರ್ಡನ್ನು ಕೈಬಿಡುವ ಹಂತಕ್ಕೆ ಬಂದಿತ್ತು. ಕೆಳಗಿನಿಂದ ಬಂದ ವರದಿಗಳೆಲ್ಲ ದೂರುಗಳೇ: ಯಂತ್ರ ಓದುವುದಿಲ್ಲ, ಜನ ಬೈಯುತ್ತಾರೆ, ತೊಂದರೆಯಾಗಿದೆ. ವರದಿ ಬರೆದವರಲ್ಲಿ ಸೋರಿಕೆ ನಿಂತು ಕೈ ಖಾಲಿಯಾದವರೂ ಇದ್ದರು ಎಂಬುದನ್ನು ಯಾರೂ ಬರೆಯುವುದಿಲ್ಲವಲ್ಲ. ಆ ಸಮಯಕ್ಕೆ ಸಂಶೋಧಕರು ಕೂಲಿಕಾರರನ್ನೇ ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಯನ್ನು ಸರ್ಕಾರದ ಮುಂದಿಟ್ಟರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಹಳೆಯ ಪದ್ಧತಿಗಿಂತ ಕಾರ್ಡೇ ವಾಸಿ ಎಂದಿದ್ದರು. ಕಾರ್ಡು ಉಳಿಯಿತು, ಅದು ಉಳಿದದ್ದರಲ್ಲಿ ಈ ಒಂದು ಸಮೀಕ್ಷೆಯ ಪಾಲೂ ಇತ್ತು.

ಕರ್ನಾಟಕ ಮತ್ತು ಆಂಧ್ರದ ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ವಿಧಾನಸೌಧಕ್ಕೆ ತಲುಪುವ ದೂರು ಸಾಮಾನ್ಯವಾಗಿ ಸಂಘ ಇರುವವರದು. ನೌಕರರಿಗೆ ಸಂಘವಿದೆ, ಗುತ್ತಿಗೆದಾರರಿಗೆ ಸಂಘವಿದೆ, ಬಸ್ ಮಾಲೀಕರಿಗೂ ಇದೆ. ಇರಲಿ, ಅದು ಅವರ ಹಕ್ಕು. ಅವರು ನಿಯೋಗ ಕಟ್ಟಿಕೊಂಡು ಬಂದು ಮನವಿ ಕೊಡುತ್ತಾರೆ, ಮಂತ್ರಿಗಳು ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ಮೂರು ದಿನ ಬೇಗ ಕೂಲಿ ಸಿಕ್ಕ ಹೆಂಗಸು ನಿಯೋಗ ಕಟ್ಟುವುದಿಲ್ಲ. ಸಾಕಷ್ಟು ತೂಕವಿದ್ದು ಹುಟ್ಟಿದ ಕೂಸಿನ ತಾಯಿಗೆ ಅದು ಯಾರಿಂದ ಆಯಿತೆಂದು ಗೊತ್ತೂ ಇರುವುದಿಲ್ಲ. ಹುಟ್ಟಬಹುದಾಗಿದ್ದ ಕಡಿಮೆ ತೂಕದ ಕೂಸು ಹುಟ್ಟಲಿಲ್ಲ ಎಂದು ಯಾರಾದರೂ ಮೆರವಣಿಗೆ ತೆಗೆದಾರೇ? ಈ ಮೌನವನ್ನು ಅಧಿಕಾರದ ಮೇಜಿನವರೆಗೆ ಒಯ್ಯಬಲ್ಲದ್ದು ಸರಿಯಾಗಿ ನಡೆಸಿದ ಸಮೀಕ್ಷೆಯೊಂದೇ. ಕರ್ನಾಟಕದ ಹಾಜರಿ ಪ್ರಯೋಗದಲ್ಲಿ ಆದ ಲೋಪ ಇಲ್ಲಿದೆ ಎನ್ನಬಹುದು. ನೌಕರರ ಹೆಬ್ಬೆಟ್ಟು ಬೆಂಗಳೂರಿಗೆ ದಿನವೂ ಬರುತ್ತಿತ್ತು, ಬಾಣಂತಿಯರ ಮಾತು ಹಾಗೆ ಬರುತ್ತಿರಲಿಲ್ಲ. ನೌಕರರು ಮುನಿದಾರು ಎಂಬ ಚಿಂತೆ ಒಂದು ತಟ್ಟೆಯಲ್ಲಿ ಕೂತಾಗ ಇನ್ನೊಂದು ತಟ್ಟೆ ಖಾಲಿಯಿತ್ತು.

ಹೆಬ್ಬೆಟ್ಟಿನ ಯಂತ್ರ ತಾನೇ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಜಾರ್ಖಂಡ್‌ನಲ್ಲಿ ಪಡಿತರಕ್ಕೆ ಆಧಾರ್ ಹೆಬ್ಬೆಟ್ಟು ಕಡ್ಡಾಯ ಮಾಡಿದಾಗ ಅದೇ ಅರ್ಥಶಾಸ್ತ್ರಜ್ಞರು ಅಲ್ಲೂ ಅಧ್ಯಯನ ನಡೆಸಿದರು. ಯಂತ್ರ ಇಟ್ಟಷ್ಟರಿಂದ ಪಡಿತರದ ಕಳವು ಕಡಿಮೆಯಾಗಲಿಲ್ಲ. ಆಧಾರ್ ಜೋಡಿಸಿಕೊಳ್ಳದ ಬಡ ಕುಟುಂಬಗಳಿಗೆ ಮಾತ್ರ ಸಿಗಬೇಕಾದ ಅಕ್ಕಿ ಖೋತಾ ಆಯಿತು. ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೇಜ್, ರೀತಿಕಾ ಖೇರಾ ಮೊದಲಾದವರು 2017ರಲ್ಲೇ ಇದನ್ನು ಹೇಳಿ ಎಚ್ಚರಿಸಿದ್ದರು. ಆಂಧ್ರದಲ್ಲಿ ಜನಕ್ಕೆ ಅನುಕೂಲವಾಗಲಿ ಎಂದು ಬಂದ ತಂತ್ರ ಜಾರ್ಖಂಡ್‌ನಲ್ಲಿ ಜನರನ್ನೇ ಶಂಕಿಸಲು ಬಂತು. ‘ಆಂಧ್ರದಲ್ಲಿ ಯಶಸ್ವಿ, ಆದ್ದರಿಂದ ಎಲ್ಲೆಡೆ ಯಶಸ್ವಿ’ ಎಂದು ಒಂದು ಊರಿನ ಪುರಾವೆಯನ್ನು ಹೊತ್ತುಕೊಂಡು ಇನ್ನೊಂದು ಊರಿಗೆ ಓಡುವವರು ಇದನ್ನು ಓದಬೇಕು. ಡೇಟಾ ಎಂಬ ಹೆಸರಿಟ್ಟ ಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ.

ಇನ್ನು ಶಾಲೆಯ ಬಿಸಿಯೂಟದ ಮೊಟ್ಟೆಯ ವಿಷಯಕ್ಕೆ ಬರೋಣ. ಇದು ಕರ್ನಾಟಕದಲ್ಲಿ ಅಂಕಿಅಂಶ ಗೆದ್ದ ಕಥೆ, ಆದರೆ ಗೆದ್ದ ರೀತಿ ವಿಚಿತ್ರ.

ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ: ಇದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕಕ್ಕೆ ಕೊಟ್ಟ ಚಿತ್ರ. ಕಲ್ಯಾಣ ಕರ್ನಾಟಕದಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. 2021ರ ಡಿಸೆಂಬರಿನಲ್ಲಿ ಆ ಭಾಗದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಶುರು ಮಾಡಿತು. ಕೆಲವು ಮಠಾಧೀಶರು ತೀವ್ರವಾಗಿ ವಿರೋಧಿಸಿದರು. ಶಾಲೆಯಲ್ಲಿ ಪಂಕ್ತಿಭೇದವಾಗುತ್ತದೆ ಎಂದರು, ಸಸ್ಯಾಹಾರಿಗಳ ಭಾವನೆಗೆ ಧಕ್ಕೆ ಎಂದರು. ವಾದ ಧರ್ಮದ ನೆಲದಲ್ಲಿ ಇರುವವರೆಗೆ ಬಗೆಹರಿಯುವ ಲಕ್ಷಣವಿರಲಿಲ್ಲ.

ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಒಂದು ಅಧ್ಯಯನ ಮಾಡಿತು. ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತಕ್ಕಡಿಯ ಮೇಲೆ ನಿಲ್ಲಿಸಿತು. ಯಾದಗಿರಿಯ ಮಕ್ಕಳು, ಅದರಲ್ಲೂ ಮೇಲಿನ ತರಗತಿಯ ಹುಡುಗಿಯರು, ಹೆಚ್ಚು ಮೈ ತುಂಬಿಕೊಂಡಿದ್ದರು. 2022ರಲ್ಲಿ ವರದಿ ಹೊರಬಿತ್ತು. ಅದೇ ವರ್ಷ ಸರ್ಕಾರ ಮೊಟ್ಟೆಯನ್ನು ಇಡೀ ರಾಜ್ಯದ ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವಿಸ್ತರಿಸಿತು. ಮರುವರ್ಷ ಒಂಬತ್ತು, ಹತ್ತನೆಯ ತರಗತಿಯವರೂ ಸೇರಿದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವು ಸೇರಿಕೊಂಡು ವಾರಕ್ಕೆ ಆರು ದಿನವಾಯಿತು. ಸರ್ಕಾರ ಬದಲಾದರೂ ಮೊಟ್ಟೆ ಹಿಂದಕ್ಕೆ ಹೋಗಲಿಲ್ಲ.

ಕಟ್ಟುನಿಟ್ಟಾಗಿ ನೋಡಿದರೆ ಯಾದಗಿರಿ-ಗದಗ ಹೋಲಿಕೆ ಆರೋಗ್ಯ ಕೇಂದ್ರಗಳ ಹಾಜರಿ ಅಧ್ಯಯನದಷ್ಟು ಗಟ್ಟಿಯಲ್ಲ. ಚೀಟಿ ಎತ್ತಿರಲಿಲ್ಲ. ಒಂದೊಂದೇ ಜಿಲ್ಲೆ, ಬೇರೆ ಬೇರೆ ನೆಲ, ಬೇರೆ ಬಡತನ. ಬಹಳ ಸೊರಗಿದ ಮಕ್ಕಳು ತಿಂದದ್ದು ಮೈಗೆ ಹತ್ತಿ ಬೇಗ ಚೇತರಿಸಿಕೊಳ್ಳುವುದೂ ಉಂಟು. ಮೊಟ್ಟೆ ಒಳ್ಳೆಯದು ಎನ್ನಲು ಬೇರೆ ಆಧಾರಗಳು ಬೇಕಾದಷ್ಟಿವೆ, ಆ ಮಾತು ಬೇರೆ. ಆದರೆ ಈ ಒಂದು ಹೋಲಿಕೆ ಮಾತ್ರ ರಾಗಿ ತಾಕಿನ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಆದರೂ ಗಟ್ಟಿ ಪುರಾವೆ ಇದ್ದ ಹೆಬ್ಬೆಟ್ಟು ಮೂಲೆ ಸೇರಿತು, ಅಷ್ಟು ಗಟ್ಟಿಯಿಲ್ಲದ ಪುರಾವೆಯ ಮೊಟ್ಟೆ ಮೂವತ್ತೊಂದು ಜಿಲ್ಲೆಗೂ ಹಬ್ಬಿತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊಟ್ಟೆ ಕೊಡುವ ಯೋಜನೆ, ಹಾಜರಿ ಕೇಳುವ ಯೋಜನೆ. ಕೊಡುವಾಗ ಸರ್ಕಾರದೊಳಗೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಕೇಳುವಾಗ ಕೇಳುವವನೂ ಉತ್ತರ ಕೊಡಬೇಕಾದವನೂ ಒಂದೇ ಇಲಾಖೆಯವರು, ನಾಳೆ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯಬೇಕಾದವರು. ನಮ್ಮಲ್ಲಿ ಹಂಚುವುದಕ್ಕೆ ಬೆಂಬಲವಾಗಿ ಬಂದ ಅಂಕಿಗೆ ಸ್ವಾಗತ ಸಿಗುತ್ತದೆ, ಹಂಚಿದ್ದು ತಲುಪಿತೇ ಎಂದು ಕೇಳುವ ಅಂಕಿ ಕಡತದಲ್ಲೇ ಉಳಿಯುತ್ತದೆ.

ವ್ಯವಸ್ಥೆ ಇಲ್ಲವೆಂದಲ್ಲ. ಯೋಜನೆಗಳ ಮೌಲ್ಯಮಾಪನಕ್ಕೆಂದೇ ಪ್ರತ್ಯೇಕ ಸಂಸ್ಥೆ ಕಟ್ಟಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಹುಟ್ಟಿದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇಲಾಖೆಗಳ ಯೋಜನೆಗಳನ್ನು ಹೊರಗಿನ ಸಂಸ್ಥೆಗಳಿಂದ ಪರಿಶೀಲನೆ ಮಾಡಿಸುತ್ತದೆ, ವರದಿಗಳನ್ನು ಜಾಲತಾಣದಲ್ಲಿ ಹಾಕುತ್ತದೆ. ಓದುಗರು ಬೇಕೆಂದರೆ ಇವತ್ತೇ ತೆರೆದು ನೋಡಬಹುದು. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮಹಾಲೇಖಪಾಲರ ವರದಿ ಸಂವಿಧಾನದ ಪ್ರಕಾರ ಸದನದ ಮುಂದೆ ಬರಲೇಬೇಕು. ಅಲ್ಲಿಂದ ಅದು ಲೆಕ್ಕಪತ್ರ ಸಮಿತಿಗೆ ಹೋಗುತ್ತದೆ, ಅಧಿಕಾರಿಗಳು ಬಂದು ಉತ್ತರ ಹೇಳಬೇಕಾಗುತ್ತದೆ. ಮೌಲ್ಯಮಾಪನ ವರದಿಗೆ ಅಂಥ ಸಂವಿಧಾನಬದ್ಧ ಹಾದಿಯಿಲ್ಲ. ಯೋಜನೆ ಸೋತಿದೆ ಎಂದು ವರದಿ ಹೇಳಿದ ವರ್ಷವೇ ಅದೇ ಯೋಜನೆಗೆ ಬಜೆಟ್ಟಿನಲ್ಲಿ ಹಣ ಹೆಚ್ಚಿಸಲು ಯಾವ ಅಡ್ಡಿಯೂ ಇಲ್ಲ.

ದುಬಾರಿಯಲ್ಲದ ಇನ್ನೊಂದು ದಾರಿಯನ್ನು ತೆಲಂಗಾಣ ತೋರಿಸಿದೆ. 2018ರಲ್ಲಿ ‘ರೈತ ಬಂಧು’ ಯೋಜನೆಯ ಚೆಕ್‌ಗಳನ್ನು ಹಂಚುವಾಗ, ಚೀಟಿಯಿಂದ ಆರಿಸಿದ ಕೆಲವು ಮಂಡಲಗಳ ಕೃಷಿ ಅಧಿಕಾರಿಗಳಿಗೆ ಒಂದೇ ಮಾತು ತಿಳಿಸಲಾಯಿತು: ಚೆಕ್ಕು ಕೈಸೇರಿತೇ, ಯಾವಾಗ ಸೇರಿತು ಎಂದು ರೈತರಿಗೇ ಫೋನ್ ಮಾಡಿ ಕೇಳುತ್ತೇವೆ, ನಿಮ್ಮ ಕೆಲಸವನ್ನು ಅದರಿಂದಲೇ ಅಳೆಯುತ್ತೇವೆ. ಅಷ್ಟು ಹೇಳಿದ್ದಕ್ಕೇ ಆ ಮಂಡಲಗಳಲ್ಲಿ ಹೆಚ್ಚು ರೈತರಿಗೆ ಚೆಕ್ಕು ತಲುಪಿತು. ಏರಿಕೆ ದೊಡ್ಡದಲ್ಲ, ಆದರೆ ಖರ್ಚು ಅದಕ್ಕಿಂತಲೂ ಬಹಳ ಚಿಕ್ಕದು. ಇಲ್ಲಿ ಹೊಸ ಯಂತ್ರವಿಲ್ಲ, ರಿಪೇರಿಯಿಲ್ಲ, ವಿನಾಯಿತಿ ದಿನವಿಲ್ಲ. ಅಧಿಕಾರಿಯ ಕೆಲಸಕ್ಕೆ ಸಾಕ್ಷಿ ರೈತನೇ.

ನಮ್ಮಲ್ಲಿ ಬಸುರಿಯೊಬ್ಬಳು ಹೆಸರು ನೋಂದಾಯಿಸಿದಾಗ ತಾಯಿ ಕಾರ್ಡ್ ಸಿಗುತ್ತದೆ, ಅವಳ ಮನೆಯ ಫೋನ್ ನಂಬರ್ ಇಲಾಖೆಗೆ ಸಿಗುತ್ತದೆ. ಹೋದಾಗ ನರ್ಸ್ ಇದ್ದರೇ, ಬಿ.ಪಿ. ನೋಡಿದರೇ, ಕೂಸಿನ ತೂಕ ಎಷ್ಟಿತ್ತು, ಯಾರಾದರೂ ದುಡ್ಡು ಕೇಳಿದರೇ: ಈ ನಾಲ್ಕು ಪ್ರಶ್ನೆಗೆ ಐದು ನಿಮಿಷದ ಕರೆ ಸಾಕು. ಆರೋಗ್ಯ ಇಲಾಖೆ ಒಂದು ಜಿಲ್ಲೆಯಲ್ಲಾದರೂ, ತಾಲ್ಲೂಕುಗಳ ಹೆಸರಿನಲ್ಲಿ ಚೀಟಿ ಎತ್ತಿ, ಇದನ್ನು ಶುರು ಮಾಡಲಿ. ಫಲಿತಾಂಶ ತನಗೆ ಒಗ್ಗಲಿ ಒಗ್ಗದಿರಲಿ, ಮುಂದಿನ ಬಜೆಟ್‌ಗೆ ಮೊದಲು ಅದನ್ನು ಸದನದ ಮುಂದಿಡಲಿ.